ಎದುರು ಮೇಳವಿಲ್ಲದ ಕವಿ

ಕವಿ: ಕಾಕಾ, ಒಂದು ಮಾತು ನೇರವಾಗಿ ಕೇಳುತ್ತೇನೆ. ಬರೆಯಲು ಕೂತವನಿಗೆ ತನ್ನ ಮೇಲೆಯೇ ಭರವಸೆ ಇಲ್ಲದಿದ್ದರೆ ಅವನು ಬರೆಯಬೇಕೋ, ಬಿಡಬೇಕೋ? ಒಂದು ಸಾಲು ಹುಟ್ಟಿದ ಕೂಡಲೇ ಇದನ್ನು ಬೇಂದ್ರೆಯವರು ಎಂದೋ ಬರೆದು ಮುಗಿಸಿದ್ದಾರೆ, ಇದಕ್ಕಿಂತ ಚೆಂದ ಬರೆದಿದ್ದಾರೆ ಅನ್ನಿಸಿಬಿಡುತ್ತದೆ. ಜನ ನೆನಪಿಡುವಂಥದ್ದನ್ನು ಬರೆಯಬೇಕೆಂಬ ಹಟ ಒಂದು ಕಡೆ ಜಗ್ಗಿದರೆ, ಅಂಥದ್ದು ನಮ್ಮಂಥವರ ಕೈಯಲ್ಲಿ ಆಗುವುದಲ್ಲ ಎಂಬ ಅಂಜಿಕೆ ಇನ್ನೊಂದು ಕಡೆ ಜಗ್ಗುತ್ತದೆ. ಹಾಳೆ ಮಾತ್ರ ಖಾಲಿಯೇ ಉಳಿಯುತ್ತದೆ. ಖರೆ ಪ್ರತಿಭೆ ಇದ್ದವರಿಗೆ ಈ ಕಾಟ ಇರಲಿಕ್ಕಿಲ್ಲ ಅಂತ ನನ್ನ ಎಣಿಕೆ.

ಓದುಗ: ಆ ಎಣಿಕೆ ತಪ್ಪು ತಮ್ಮಾ. ಅನುಮಾನವೇ ಇಲ್ಲದ ಕವಿಯನ್ನು ಕನ್ನಡದಲ್ಲಿ ಹುಡುಕಿ ತೆಗೆಯುವುದು ಕಷ್ಟ. ಬಸವಣ್ಣನವರಂಥವರೇ ಒಂದು ವಚನದಲ್ಲಿ ತಾಳದ ಲೆಕ್ಕವಾಗಲಿ ಛಂದಸ್ಸಿನ ಗಣದ ಲೆಕ್ಕವಾಗಲಿ ತಮಗೆ ತಿಳಿಯದೆಂದು ಒಪ್ಪಿಕೊಂಡು, ಮನಸ್ಸು ಒಲಿದ ಹಾಗೆ ಹಾಡುತ್ತೇನೆಂದು ಹೊರಡುತ್ತಾರೆ. ಆ ವಚನದಲ್ಲಿ ಅವರು ಯಾರ ಮುಂದೆ ನಿಂತು ಈ ಮಾತು ಹೇಳುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಕೂಡಲಸಂಗಮದೇವನ ಮುಂದೆ. ತನ್ನ ಕೊರತೆಯನ್ನು ತನ್ನೊಳಗೇ ಮೆಲುಕು ಹಾಕುತ್ತ ಕೂಡದೆ, ಕೇಳುವವನೊಬ್ಬನ ಮುಂದೆ ಇಟ್ಟುಬಿಟ್ಟರು. ಇಟ್ಟ ಮೇಲೆ ಆ ಕೊರತೆ ಹಾಡಿಗೆ ಅಡ್ಡ ಬರಲಿಲ್ಲ. ನನ್ನ ವಾದ ಇಷ್ಟೇ: ಕವಿಗೆ ಎರಡು ಬಗೆಯ ಅನುಮಾನ ಬರುತ್ತದೆ. ನಾನು ಕವಿ ಹೌದೋ ಅಲ್ಲವೋ ಎಂಬುದು ಒಂದು. ಈ ಸಾಲು ಎದುರಿಗೆ ಕೂತವನಿಗೆ ಮುಟ್ಟುತ್ತದೋ ಇಲ್ಲವೋ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಜ್ಞಾನಪೀಠ ಬಂದರೂ ಉತ್ತರ ಸಿಗುವುದಿಲ್ಲ, ಏಕೆಂದರೆ ಅದನ್ನು ಒರೆಗೆ ಹಚ್ಚಿ ನೋಡುವ ಕಲ್ಲೇ ಇಲ್ಲ. ಎರಡನೆಯದಕ್ಕೆ ಇವತ್ತು ಸಂಜೆಯೇ ಉತ್ತರ ಸಿಕ್ಕೀತು, ಕೇಳುವವನು ಎದುರಿಗಿದ್ದರೆ. ಗೋಕಾವಿ, ಮೂಡಲಗಿ, ಹುಕ್ಕೇರಿಯ ಈ ಸೀಮೆ ಎರಡನೆಯ ಅನುಮಾನವನ್ನು ಸಾಕುವ ವಿದ್ಯೆಯನ್ನು ಬಹಳ ಕಾಲದಿಂದ ಬಲ್ಲದು. ಅದನ್ನು ನಾವು ಮರೆತದ್ದರಿಂದ ಮೊದಲನೆಯ ಅನುಮಾನ ಹುಣ್ಣಾಗಿ ಕಾಡುತ್ತಿದೆ.

ಕವಿ: ಹಾಗಾದರೆ ಗದುಗಿನ ನಾರಣಪ್ಪನಿಗೆ ಏನು ಹೇಳುತ್ತೀರಿ? ಬರೆದದ್ದನ್ನು ಅಳಿಸಿ ತಿದ್ದುವವನು ತಾನಲ್ಲವೆಂದು ಆತ ಮೊದಲಿಗೇ ಸಾರುತ್ತಾನೆ. ಪಂಪ ಒಂದು ಕಾವ್ಯವನ್ನು ಆರು ತಿಂಗಳಲ್ಲಿ, ಇನ್ನೊಂದನ್ನು ಮೂರೇ ತಿಂಗಳಲ್ಲಿ ಮುಗಿಸಿದೆನೆಂದು ಹೇಳಿಕೊಂಡ. ಇವರಲ್ಲಿ ಅನುಮಾನದ ಸುಳಿವೂ ಇಲ್ಲವಲ್ಲ.

ಓದುಗ: ನಾರಣಪ್ಪನ, ಅಂದರೆ ಕುಮಾರವ್ಯಾಸನ, ಹೆಗ್ಗಳಿಕೆಯ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ. ಅದೇ ಪೀಠಿಕೆಯಲ್ಲಿ ಕಾವ್ಯದ ಒಡೆತನವನ್ನು ಆತ ಗದುಗಿನ ದೇವರಿಗೆ ಬಿಟ್ಟುಕೊಟ್ಟು, ತನಗೆ ಬರಹಗಾರನ ಪಾಲನ್ನಷ್ಟೇ ಇಟ್ಟುಕೊಂಡದ್ದನ್ನು ಮಾತ್ರ ಮರೆಯುತ್ತಾರೆ. ಎರಡನ್ನೂ ಕೂಡಿಸಿ ಓದಬೇಕು. ನಾನು ದೊಡ್ಡವನೋ ಸಣ್ಣವನೋ ಎಂಬ ಲೆಕ್ಕವನ್ನೇ ಕೆಳಗಿಟ್ಟವನಿಗೆ ಕೈ ನಡುಗುವುದಿಲ್ಲ. ಇದು ಬರೀ ಭಕ್ತಿಯ ವಿನಯವಲ್ಲ, ಕಸುಬಿಗೆ ಬೇಕಾದ ಏರ್ಪಾಡು. ಪಂಪನ ಕಣ್ಣ ಮುಂದೆಯೂ ದೊರೆ ಅರಿಕೇಸರಿಯ ಸಭೆ ಇತ್ತು. ತನ್ನ ಪದ್ಯ ಯಾರ ಕಿವಿಗೆ ಬೀಳುತ್ತದೆ, ಅವರು ಎಂಥ ಬಲ್ಲಿದರು ಎಂಬುದು ಅವನಿಗೆ ಗೊತ್ತಿತ್ತು. ಇಂದಿನ ಕವಿಗೆ ಸಭೆಯೂ ಇಲ್ಲ, ದೇವರ ಮೇಲೆ ಭಾರ ಹಾಕುವ ರೂಢಿಯೂ ಹೋಗಿದೆ. ಎದುರಿಗೆ ಯಾರೂ ಇಲ್ಲದ್ದರಿಂದ ಆತ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡು ವಿಚಾರಣೆಗೆ ತೊಡಗುತ್ತಾನೆ. ಸಾಕ್ಷಿಯಿಲ್ಲದ ಆ ವಿಚಾರಣೆ ಮುಗಿಯುವುದು ಎಂದು?

ಕವಿ: ಈ ಸೀಮೆಯ ವಿದ್ಯೆ ಅಂದಿರಿ. ಯಾವುದು ಅದು?

ಓದುಗ: ಲಾವಣಿಯ ಮೇಳವನ್ನೇ ತೊಗೋ. ಶಿವ ಹೆಚ್ಚು ಎನ್ನುವ ಹರದೇಶಿ ಒಂದು ಕಡೆ, ಶಕ್ತಿ ಹೆಚ್ಚು ಎನ್ನುವ ನಾಗೇಶಿ ಇನ್ನೊಂದು ಕಡೆ. ದಪ್ಪು ಬಾರಿಸುತ್ತ, ತುಂತುಣಿ ಮೀಟುತ್ತ, ಗೀಗೀ ಎಂದು ಹಿಮ್ಮೇಳ ಎಳೆಯುತ್ತ ಒಂದು ಮೇಳ ಸವಾಲು ಹಾಕುತ್ತದೆ. ಅದಕ್ಕೆ ಇನ್ನೊಂದು ಮೇಳ ಪದದಲ್ಲೇ ಜವಾಬು ಕೊಡಬೇಕು. ರಾತ್ರಿಯಿಡೀ ನಡೆಯುವ ಈ ಹಾಡಿಕೆಯಲ್ಲಿ ಕವಿ ಕಟ್ಟಿದ ಪದವನ್ನು ಮೊದಲು ಬಿಡಿಸಿ ನೋಡುವವನು ಎದುರಾಳಿ ಕವಿ. ಪುರಾಣದ ಪ್ರಸಂಗ ತಪ್ಪಿದರೆ ಅವನು ಬಿಡುವುದಿಲ್ಲ, ಪ್ರಾಸ ಜಾರಿದರೆ ಬಿಡುವುದಿಲ್ಲ, ಅರ್ಥ ಪೊಳ್ಳಾದರೆ ಅಲ್ಲೇ ಹಿಡಿದು ಹಾಡಿ ತೋರಿಸುತ್ತಾನೆ. ಕೂತ ಮಂದಿಗೂ ಎರಡೂ ಕಡೆಯ ಪಟ್ಟು ತಿಳಿದಿರುತ್ತದೆ. ಇಲ್ಲಿ ಅನುಮಾನವೆಂಬುದು ಕವಿಯ ಎದೆಯೊಳಗೆ ಅಡಗಿ ಕೂತ ಗುಟ್ಟಿನ ರೋಗವಲ್ಲ. ಅದಕ್ಕೆ ಎದುರು ಮೇಳವೆಂಬ ಮೈ ಇದೆ, ಕೊರಳಿದೆ, ಬಂದು ಕೂಡಲು ಜಾಗವಿದೆ. ನಾನು ಕವಿಯೇ ಎಂದು ಹಲುಬುತ್ತ ಕೂಡಲು ಹಾಡುಗನಿಗೆ ಪುರುಸೊತ್ತೇ ಇಲ್ಲ, ಎದುರಿನ ಸವಾಲಿಗೆ ಜವಾಬು ಹೊಂದಿಸಬೇಕು. ಜವಾಬು ಹೊಳೆಯದೆ ಸೋತ ರಾತ್ರಿಯೂ ವ್ಯರ್ಥವಲ್ಲ. ಎಲ್ಲಿ ಸೋತೆ ಎಂಬುದು ಅವನಿಗೆ ಖಚಿತವಾಗಿ ಗೊತ್ತಾಗಿರುತ್ತದೆ. ಇಂದಿನ ಕವಿಗೆ ಸಿಗದ ಭಾಗ್ಯ ಅದು.

ಶ್ರೀಕೃಷ್ಣ ಪಾರಿಜಾತವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಪರಾಳ ತಮ್ಮಣ್ಣನ ಹೆಸರಿನಲ್ಲಿ ನಿಂತ ಈ ಆಟವನ್ನು ರಂಗಕ್ಕೆ ಹೊಂದಿಸಿ ಬೆಳೆಸಿದವನು ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣ ಎಂದು ಪರಂಪರೆ ಹೇಳುತ್ತದೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಮುಡಿಗೆ ಹೋದದ್ದಕ್ಕೆ ಸತ್ಯಭಾಮೆ ಮುನಿಯುತ್ತಾಳೆ, ಕಥೆ ಅಷ್ಟೇ. ಆ ಒಂದೆಳೆಯ ಕಥೆ ಬೆಳಗಿನ ತನಕ ಜನರನ್ನು ಹಿಡಿದು ಕೂಡಿಸುವುದು ಹೇಗೆ? ಭಾಮೆ ರಂಗಕ್ಕೆ ಬರುವ ಹೊತ್ತನ್ನು ಹತ್ತಿರದಿಂದ ನೋಡು. ಬಂದವಳು ಸುಮ್ಮನೆ ತನ್ನ ಪದ ಹಾಡಿ ಹೋಗುವಂತಿಲ್ಲ. ಭಾಗವತ ತಡೆದು ನಿಲ್ಲಿಸುತ್ತಾನೆ. ನೀನು ಯಾರವ್ವಾ, ಯಾವ ಊರವಳು, ನಿನ್ನ ಗಂಡ ಯಾರು ಎಂದು ಒಂದೊಂದೇ ಕೇಳುತ್ತಾನೆ. ಅವಳು ದೊಡ್ಡಸ್ತಿಕೆಯ ಒಂದು ಮಾತು ಆಡಿದರೆ ಅದನ್ನೇ ಹಿಡಿದು ಜಗ್ಗುತ್ತಾನೆ. ಅವಳು ಇನ್ನಷ್ಟು ಬಿಚ್ಚಿ ಹೇಳಬೇಕಾಗುತ್ತದೆ, ಬಿಚ್ಚಿದಷ್ಟೂ ಅವಳ ಹೆಮ್ಮೆ, ಅದರ ಅಡಿಯಲ್ಲಿರುವ ದಿಗಿಲು ಎರಡೂ ಬಯಲಿಗೆ ಬರುತ್ತವೆ. ಆ ಪ್ರಶ್ನೆಗಳನ್ನು ತೆಗೆದುಬಿಟ್ಟರೆ ಭಾಮೆಯ ಪಾತ್ರ ಅರ್ಧಕ್ಕೆ ಇಳಿಯುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಹೆಸರು ಇಂದಿಗೂ ಉಳಿದಿರುವುದು ಇಂಥ ತಡೆಗಳಿಗೆ ಎದುರು ನಿಂತು ಹಾಡಿದ್ದರಿಂದ. ಆಟವನ್ನು ಬರೆದವರು ಯಾರು, ಬೆಳೆಸಿದವರು ಯಾರು, ಯಾರ ಪಾಲು ಎಷ್ಟು ಎಂದು ವಿದ್ವಾಂಸರು ಇಂದಿಗೂ ಜಗ್ಗಾಡುತ್ತಾರೆ. ಹಾಗೆ ಜಗ್ಗಾಡಬೇಕಾಗಿ ಬಂದದ್ದೇ ಒಂದು ಪುರಾವೆ. ಒಬ್ಬನ ಸಾಲನ್ನು ಇನ್ನೊಬ್ಬ ಕೇಳಿ, ತಡೆದು, ತಿದ್ದಿ ಮುಂದಕ್ಕೆ ಕೊಟ್ಟದ್ದರಿಂದ ಅದು ಈ ಎತ್ತರಕ್ಕೆ ಬಂತು.

ಕವಿ: ಕಾಕಾ, ನೀವು ಮಂದಿಯನ್ನು ಬಹಳ ಮೇಲಕ್ಕೆ ಏರಿಸಿದಿರಿ. ಮಂದಿಯ ಸಿಳ್ಳೆಗೆ ಮಣಿದು ಸಣ್ಣಾಟಗಳು ಎಷ್ಟು ಕೆಳಗಿಳಿದವು ಎಂಬುದೂ ಈ ಸೀಮೆಗೆ ಗೊತ್ತಿದೆ. ಕೇಳುವವರನ್ನು ಎದುರಿಗಿಟ್ಟುಕೊಂಡು ಬರೆದರೆ ಅವರಿಗೆ ಬೇಕಾದದ್ದನ್ನೇ ಬರೆಯುತ್ತೇವೆ. ಆಗ ಅನುಮಾನ ಹೋಗುತ್ತದೆ, ಅದರ ಸಂಗಡ ಕವಿತೆಯೂ ಹೋಗುತ್ತದೆ.

ಓದುಗ: ಆ ಅಪಾಯ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಿಳ್ಳೆ ಹಾಕುವವನೂ ಎದುರು ಮೇಳದವನೂ ಒಂದೇ ಅಲ್ಲ. ಸಿಳ್ಳೆಯವನಿಗೆ ಬೇಕಾದದ್ದು ತನ್ನ ಖುಷಿ, ಅದು ಸಿಕ್ಕ ಕೂಡಲೇ ಅವನ ಕೆಲಸ ಮುಗಿಯಿತು. ಎದುರು ಮೇಳದವನು ನಿನ್ನ ಕಸುಬನ್ನು ನಿನ್ನಷ್ಟೇ ಬಲ್ಲವನು, ನಿನ್ನ ಪದವನ್ನು ಸೋಲಿಸಲಿಕ್ಕೆಂದೇ ನಿನಗಿಂತ ಹೆಚ್ಚು ಮನಸ್ಸಿಟ್ಟು ಕೇಳುವವನು. ಸಣ್ಣಾಟ ಕೆಟ್ಟದ್ದು ಮಂದಿ ಕೇಳಿದ್ದರಿಂದ ಅಲ್ಲ, ಅಡ್ಡ ಕೇಳುವ ಬಲ್ಲವರು ಕಡಿಮೆಯಾಗಿ ಬರೀ ಸಿಳ್ಳೆಯವರು ಉಳಿದದ್ದರಿಂದ. ಈ ಎರಡು ಬಗೆಯ ಕಿವಿಗಳ ಅಂತರವನ್ನು ಧಾರವಾಡದ ಗೆಳೆಯರ ಗುಂಪು ಚೆನ್ನಾಗಿ ಅರಿತಿತ್ತು. 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರು, ನಾವು ಆನಂದಕಂದರೆಂದು ಕರೆಯುವವರು, ಬೇಂದ್ರೆಯವರ ಆ ಗುಂಪಿನೊಳಗೆ ಬೆಳೆದರು. ಅಲ್ಲಿ ಕವಿತೆ ಅಚ್ಚಿಗೆ ಹೋಗುವ ಮೊದಲು ಗೆಳೆಯರ ಕಿವಿಗೆ ಬೀಳುತ್ತಿತ್ತು. ಹಳ್ಳಿಯ ಮಾತಿನ ಹದವನ್ನೇ ಹಿಡಿದು ಹಾಡು ಕಟ್ಟುವ ಧೈರ್ಯ ಅವರಿಗೆ ಬಂದದ್ದರ ಹಿಂದೆ ಇಂಥ ಬಲ್ಲ ಕಿವಿಗಳಿದ್ದವು ಎಂದು ನಾನು ನಂಬುತ್ತೇನೆ. ಆಮೇಲೆ ಹುಕ್ಕೇರಿ ಬಾಳಪ್ಪನವರಂಥ ಹಾಡುಗಾರರು ಬೇಂದ್ರೆಯವರ, ಆನಂದಕಂದರ ಹಾಡುಗಳನ್ನು ವೇದಿಕೆಯಿಂದ ವೇದಿಕೆಗೆ ಒಯ್ದರು. ಇನ್ನೊಬ್ಬನ ಕೊರಳಲ್ಲಿ ನಿಂತ ಮೇಲೆ ಪದ್ಯದ ಪೊಳ್ಳು ಬೇಗ ಗೊತ್ತಾಗುತ್ತದೆ. ನಾಲಿಗೆ ತೊಡರುವ ಕಡೆ ಕವಿ ಎಷ್ಟು ಸಮಜಾಯಿಷಿ ಕೊಟ್ಟರೂ ನಡೆಯುವುದಿಲ್ಲ.

ಕವಿ: ಇವೆಲ್ಲ ಹಾಡಿನ ಕಾಲದ ಮಾತು. ಅಚ್ಚಿನ ಕವಿತೆಗೆ ಇದು ಹೇಗೆ ಒಪ್ಪುತ್ತದೆ?

ಓದುಗ: ಒಪ್ಪುತ್ತದೆ ಎಂಬುದಕ್ಕೆ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾವಿಯಲ್ಲಿ ಓದಿದ ಚಂದ್ರಶೇಖರ ಕಂಬಾರರೇ ಸಾಕ್ಷಿ. ಅವರ ಮೊದಲ ಸಂಕಲನ ‘ಮುಗುಳು’ 1958ರದು. ಕಂಬಾರರ ಹೆಸರು ಬಂದಾಗ ಇಂದು ಯಾರೂ ಮೊದಲು ಆ ಪುಸ್ತಕವನ್ನು ನೆನೆಯುವುದಿಲ್ಲ. ಕವಿಯಾಗಬೇಕೆಂಬ ಆಸೆ ಇರುವ ಹುಡುಗ ಸುತ್ತಲಿನ ಕಾವ್ಯದ ಭಾಷೆಯಲ್ಲಿ ಬರೆಯುವುದು ಸಹಜ, ಅದರಲ್ಲಿ ತಪ್ಪೇನೂ ಇಲ್ಲ. ಆಗಿನ ಗಾಳಿ ಎಂಥದು ನೋಡು. ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ ಬಂತು, ‘ಭೂಮಿಗೀತ’ 1959ರಲ್ಲಿ. ನಗರದ ಒಂಟಿ ಮನಸ್ಸಿನ ತಳಮಳ, ವ್ಯಂಗ್ಯ, ಬಿಗಿಯಾದ ಪ್ರತಿಮೆ, ಇವೇ ಒಳ್ಳೆಯ ಕವಿತೆಯ ಗುರುತು ಎನ್ನುವ ಹೊತ್ತು. ಅಂಥ ಹೊತ್ತಿನಲ್ಲಿ ಘಟಪ್ರಭೆಯ ಸೀಮೆಯಿಂದ ಬಂದ ಹುಡುಗ ತನ್ನನ್ನು ಆ ಅಳತೆಗೋಲಿನಿಂದಲೇ ಅಳೆದುಕೊಳ್ಳುತ್ತ ಕೂತಿದ್ದರೆ ಒಬ್ಬ ಸಾಧಾರಣ ನವ್ಯಕವಿ ಆಗುತ್ತಿದ್ದನೋ ಏನೋ. 1964ರಲ್ಲಿ ‘ಹೇಳತೇನ ಕೇಳ’ ಬಂತು. ರಾಕ್ಷಸನೊಬ್ಬ ಊರ ಗೌಡನನ್ನು ಕೊಂದು, ಅವನದೇ ರೂಪ ತೊಟ್ಟು ಊರನ್ನಾಳುವ, ಊರು ಬರಡಾಗುವ ಕಥೆಯನ್ನು ಲಾವಣಿಯ ಲಯದಲ್ಲಿ, ಆಡುಮಾತಿನಲ್ಲಿ ಹೇಳುವ ದೀರ್ಘ ಕಾವ್ಯ ಅದು. ಆರು ವರ್ಷಗಳಲ್ಲಿ ಆದ ಈ ಬದಲಾವಣೆಯನ್ನು ಹಳ್ಳಿಗೆ ಹಿಂದಿರುಗಿದ್ದು ಎಂದು ವಿಮರ್ಶಕರು ವಿವರಿಸುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದಕ್ಕಿಂತ ದೊಡ್ಡದಾಗಿ ಬದಲಾದದ್ದು ಕವಿತೆಯೊಳಗಿನ ಕೂಡುವ ರೀತಿ. ಹೇಳುವವನೊಬ್ಬ ಇದ್ದಾನೆ, ಕೇಳುವವರ ಒಂದು ಗುಂಪು ಅವನ ಮುಂದೆ ಕೂತಿದೆ. ಹೇಳುವವನು ಅವರನ್ನು ನಂಬಿಸಬೇಕು, ಹಿಡಿದು ಕೂಡಿಸಬೇಕು, ಅವರ ಊಹೆಯನ್ನು ತಪ್ಪಿಸಬೇಕು. ಆ ಕೇಳುಗರನ್ನು ಕಂಬಾರರು ಕವಿತೆಯ ಒಳಗೇ ಕಟ್ಟಿಕೊಂಡರು. ಅಚ್ಚಿನ ಪುಸ್ತಕವನ್ನು ಮೌನವಾಗಿ ಓದುವ ಬೆಂಗಳೂರಿನ ಓದುಗನೂ ಪುಟ ತೆರೆದ ಕೂಡಲೇ ಆ ಗುಂಪಿನೊಳಗೆ ಬಂದು ಕೂತುಬಿಡುತ್ತಾನೆ. ನನ್ನ ಮಾತು ಅಚ್ಚಿಗೂ ಒಪ್ಪುವುದು ಹೀಗೆ.

ಕಾವ್ಯದ ವಸ್ತುವೂ ಅನುಮಾನವೇ ಎಂಬುದನ್ನು ಗಮನಿಸಿದೆಯಾ? ಗೌಡನ ರೂಪದಲ್ಲಿ ಕೂತವನು ಗೌಡನೇ ಹೌದೋ ಅಲ್ಲವೋ? ತೋರಿಕೆಗೆ ಎಲ್ಲ ಸರಿ ಇದ್ದೂ ನೆಲ ಯಾಕೆ ಫಲ ಕೊಡುವುದಿಲ್ಲ? ಎರವಲು ರೂಪ ತೊಟ್ಟು ಮಾತಾಡುವ ಕವಿ ತನ್ನ ಬಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ‘ನಾನು’ ಎಂದು ಗೋಳಾಡುತ್ತ ಬರೆದಿದ್ದರೆ ಅದು ಒಬ್ಬನ ದಿನಚರಿ ಆಗುತ್ತಿತ್ತು. ಗೌಡನ, ರಾಕ್ಷಸನ, ಊರಿನ ಕಥೆಯಾಗಿ ಹೊರಗೆ ನಿಂತದ್ದರಿಂದ ಅದು ಎಲ್ಲರ ಪ್ರಶ್ನೆ ಆಯಿತು.

ಕವಿ: ಕಂಬಾರರಿಗೆ ತಮ್ಮ ಕೃತಿಗಳ ಊರಾಗಿ ಶಿವಾಪುರ ಸಿಕ್ಕಿತು. ನಮಗೆ ಯಾವ ಶಿವಾಪುರ ಇದೆ? ಇಂದಿನ ಮೂಡಲಗಿಯ ಹುಡುಗ ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ, ಮೊಬೈಲ್ ಹಿಡಿದು ಬೆಳೆದವನು. ಲಾವಣಿ ಬರೆಯಲು ಹೋದರೆ ಅದು ವೇಷ ಕಟ್ಟಿದಂತೆ ಕಾಣುತ್ತದೆ.

ಓದುಗ: ವೇಷವೇ ಆಗುತ್ತದೆ, ಆದ್ದರಿಂದ ಬರೆಯಬೇಡ. ಕಂಬಾರರನ್ನು ಅನುಕರಿಸುವವನು ‘ಮುಗುಳು’ ಕಾಲದ ಕಂಬಾರರ ಜಾಗದಲ್ಲೇ ನಿಂತಿದ್ದಾನೆ, ಇನ್ನೊಬ್ಬರ ಅಳತೆಗೋಲು ಹಿಡಿದುಕೊಂಡು. ಶಿವಾಪುರ ಕೂಡ ನಕಾಶೆಯಲ್ಲಿ ಸಿದ್ಧವಾಗಿ ಸಿಕ್ಕ ಊರಲ್ಲ. ಘೋಡಗೇರಿಯನ್ನೇ ಹೆಸರು ಬದಲಿಸಿ ಇಟ್ಟದ್ದೂ ಅಲ್ಲ. ಅದು ಕಟ್ಟಿದ ಊರು. ‘ಕರಿಮಾಯಿ’ಯಲ್ಲಿ ಮತ್ತೆ ಬಂತು, ‘ಶಿಖರಸೂರ್ಯ’ದಲ್ಲಿ ಮತ್ತೆ ಬಂತು, ಪ್ರತಿ ಸಲವೂ ಬೇರೆಯಾಗಿ. 2009ರಲ್ಲಿ ಬಂದ ಅವರ ಸಂಕಲನದ ಹೆಸರು ‘ಎಲ್ಲಿದೆ ಶಿವಾಪುರ’. ನಲವತ್ತೈದು ವರ್ಷ ಅದೇ ಊರಿನ ಬಗ್ಗೆ ಬರೆದ ಮೇಲೂ ಅದು ಎಲ್ಲಿದೆ ಎಂದು ಕವಿ ಕೇಳುತ್ತಿದ್ದಾರೆ. ಆ ಹೊತ್ತಿಗೆ ‘ಸಿರಿಸಂಪಿಗೆ’ಗೆ ಸಾಹಿತ್ಯ ಅಕಾಡೆಮಿ ಬಂದು ಬಹಳ ವರ್ಷಗಳಾಗಿದ್ದವು, 2010ನೆಯ ಸಾಲಿನ ಜ್ಞಾನಪೀಠ ಹತ್ತಿರದಲ್ಲಿತ್ತು. ಯಶಸ್ಸು ಅನುಮಾನವನ್ನು ಮುಗಿಸುತ್ತದೆಂದು ತಿಳಿದವರು ಆ ಪುಸ್ತಕದ ಹೆಸರನ್ನಾದರೂ ಒಮ್ಮೆ ನೋಡಬೇಕು. ವ್ಯತ್ಯಾಸ ಇಷ್ಟೇ, ಆ ಪ್ರಶ್ನೆ ಕವಿಯ ಯೋಗ್ಯತೆಯ ಬಗ್ಗೆ ಇಲ್ಲ, ಊರಿನ ಬಗ್ಗೆ ಇದೆ. ಅಂಥ ಪ್ರಶ್ನೆಯಿಂದ ಇನ್ನೊಂದು ಕವಿತೆ ಹುಟ್ಟುತ್ತದೆ. ನಿನ್ನ ಟ್ರ್ಯಾಕ್ಟರು, ನಿನ್ನ ಮೊಬೈಲು, ಕಬ್ಬಿನ ಬಿಲ್ಲಿಗೆ ಕಾಯುವ ನಿನ್ನ ಸೀಮೆಯ ರೈತ, ಇವರ ಬಗ್ಗೆ ಕೇಳುವ ಪ್ರಶ್ನೆ ನಿನ್ನ ಬಳಿ ಇದ್ದರೆ ಅದಕ್ಕೆ ಲಾವಣಿಯ ಮಟ್ಟು ಬೇಕಾಗಿಲ್ಲ.

ಕವಿ: ಒಂಟಿಯಾಗಿ ಕೂತು ದೊಡ್ಡದನ್ನು ಬರೆದವರೂ ಇದ್ದಾರಲ್ಲ. ಜರ್ಮನ್ ಭಾಷೆಯ ಕವಿ ರಿಲ್ಕೆಯನ್ನು ನೋಡಿ. ‘ಡುಯಿನೋ ಎಲಿಜಿ’ಗಳನ್ನು 1912ರಲ್ಲಿ ಶುರು ಮಾಡಿ 1922ರಲ್ಲಿ ಮುಗಿಸಿದ. ನಡುವೆ ವರ್ಷಗಟ್ಟಲೆ ತಡೆ, ಯುದ್ಧ, ಖಿನ್ನತೆ. ಮುಗಿಸಿದ್ದು ಸ್ವಿಟ್ಜರ್ಲೆಂಡಿನ ಒಂದು ಹಳೆಯ ಗೋಪುರದ ಮನೆಯಲ್ಲಿ, ಹೆಚ್ಚುಕಡಿಮೆ ಒಬ್ಬನೇ. ಅವನಿಗೆ ಎಲ್ಲಿಯ ಎದುರು ಮೇಳ?

ಓದುಗ: ಒಳ್ಳೆಯ ತಕರಾರು ತೆಗೆದೆ, ನನ್ನ ಮಾತನ್ನು ಸ್ವಲ್ಪ ಹಿಗ್ಗಿಸಿಕೊಳ್ಳಬೇಕು. ಆ ಕಾವ್ಯ ಆರಂಭವಾಗುವುದೇ ತನ್ನ ಕೂಗನ್ನು ಕೇಳಿಸಿಕೊಳ್ಳುವವರು ಯಾರು ಎಂಬ ಅಳಲಿನಿಂದ. ಗೋಪುರದೊಳಗೆ ಕವಿತೆ ಕೇಳುವ ಮನುಷ್ಯರು ಇರಲಿಲ್ಲ, ಸರಿ. ಆದರೆ ಕೇಳುವವನ ಜಾಗವನ್ನು ಆತ ಖಾಲಿ ಬಿಡಲಿಲ್ಲ, ಅಲ್ಲಿ ದೇವದೂತರನ್ನು ತಂದು ನಿಲ್ಲಿಸಿದ. ನಿಷ್ಠುರವಾದ ಕಿವಿ ಅವರದು, ಮೆಚ್ಚಿಸಲಿಕ್ಕೆ ಆಗುವಂಥವರಲ್ಲ. ಜತೆಗೆ ಆ ವರ್ಷಗಳಲ್ಲೂ ಗೆಳೆಯರಿಗೆ ರಾಶಿ ರಾಶಿ ಪತ್ರ ಬರೆಯುತ್ತಲೇ ಇದ್ದ. ಒಂಟಿತನ ಬೇರೆ, ಎದುರಿಗೆ ಯಾರೂ ಇಲ್ಲದಿರುವುದು ಬೇರೆ. ಕವಿಗೆ ಒಂಟಿತನ ಬೇಕು, ಬರೆಯುವ ಹೊತ್ತಿನಲ್ಲಿ ಬಾಗಿಲು ಹಾಕಿಕೊಳ್ಳಲೇಬೇಕು. ಬಾಗಿಲು ಹಾಕಿದ ಕೋಣೆಯಲ್ಲಿ ತನ್ನ ಕನ್ನಡಿ ಒಂದನ್ನೇ ಇಟ್ಟುಕೊಂಡವನ ಬಗ್ಗೆ ನನ್ನ ಚಿಂತೆ.

ಕವಿ: ಇನ್ನೊಂದು ಉಳಿಯಿತು. ನೀವು ಹೇಳಿದ್ದೆಲ್ಲ ಗೆದ್ದವರ ಕಥೆ. ಹೀಗೇ ಕೇಳುಗರ ಮುಂದೆ ನಿಂತು, ಹೀಗೇ ತಿದ್ದಿಕೊಂಡು, ಕೊನೆಗೆ ಏನೂ ಉಳಿಸದೆ ಹೋದವರು ಈ ಸೀಮೆಯಲ್ಲಿ ಎಷ್ಟು ಮಂದಿಯೋ.

ಓದುಗ: ಇದ್ದಾರೆ, ಗೆದ್ದವರಿಗಿಂತ ಅವರೇ ಹೆಚ್ಚು. ಅನುಮಾನ ಪಟ್ಟವರೆಲ್ಲ ದೊಡ್ಡ ಕವಿಗಳಾಗುತ್ತಾರೆಂದು ನಾನು ಹೇಳಿದರೆ ಅದು ಸುಳ್ಳು ಸಮಾಧಾನ. ಬೆಳಗುವ ಕವಿತೆ ಬರುತ್ತದೆಂಬ ಖಾತರಿಯನ್ನು ಯಾವ ಮೇಳವೂ ಕೊಡಲಾರದು. ಆದರೆ ಹೆಸರು ಉಳಿಯದೆ ಹೋದ ಲಾವಣಿಕಾರ ಒಂದು ಸೋಲಿನಿಂದ ಇನ್ನೊಂದು ಪದಕ್ಕೆ ನಡೆದ, ಕಟ್ಟುತ್ತ ಹೋದ. ಹಾಳೆ ಖಾಲಿ ಇಟ್ಟುಕೊಂಡು ಕೂಡಲಿಲ್ಲ. ಅವನು ಕಟ್ಟಿದ ಒಂದು ನುಡಿಗಟ್ಟು, ಒಂದು ಮಟ್ಟು ಮುಂದಿನವನ ಕೈಗೆ ದಾಟಿತು. ಕುಲಗೋಡದ ತಮ್ಮಣ್ಣನ ಹಿಂದೆ, ಕಂಬಾರರ ಹಿಂದೆ ಇಂಥ ಎಷ್ಟೋ ಹೆಸರಿಲ್ಲದ ಕೈಗಳಿವೆ. ಬೆಳಗುವುದು ಅಂದೆನಲ್ಲ, ಅದು ಒಬ್ಬನ ತಲೆಯಲ್ಲಿ ಒಮ್ಮೆಲೇ ಹೊತ್ತಿಕೊಳ್ಳುವುದು ಅಪರೂಪ. ಬಹಳ ಮಂದಿಯ ಕೊರಳು ದಾಟಿ ಬಂದ ಸಾಲು ಒಬ್ಬನ ಕೈಯಲ್ಲಿ ತುಂಬಿಕೊಳ್ಳುತ್ತದೆ.

ಕವಿ: ಕೇಳುಗರಿಗೇನು ಕಡಿಮೆ ಕಾಕಾ? ಸಂಜೆ ಮೊಬೈಲ್‌ನಲ್ಲಿ ಒಂದು ಕವಿತೆ ಹಾಕಿದರೆ ಬೆಳಗಾಗುವುದರೊಳಗೆ ನೂರು ಮಂದಿ ಚೆಂದ ಐತಿ ಅಂತಾರೆ. ಕವಿಗೋಷ್ಠಿಗಳೂ ಬೇಕಾದಷ್ಟು ನಡೆಯುತ್ತವೆ. ಆದರೂ ಮನೆಗೆ ಬಂದ ಮೇಲೆ ಅನುಮಾನ ಮೊದಲಿಗಿಂತ ಹೆಚ್ಚಾಗಿರುತ್ತದೆ.

ಓದುಗ: ಹೆಚ್ಚಾಗದೆ ಏನಾದೀತು? ಚೆಂದ ಐತಿ ಎನ್ನುವುದು ಮರ್ಯಾದೆ, ಅದು ಜವಾಬಲ್ಲ. ನಮ್ಮ ಗೋಷ್ಠಿಗಳ ರೀತಿ ನೋಡು. ಇಪ್ಪತ್ತು, ಮೂವತ್ತು ಕವಿಗಳ ಪಟ್ಟಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಓದಿದವನು ಪ್ರಮಾಣಪತ್ರ, ಶಾಲು ತೊಗೊಂಡು ಬಸ್ಸಿನ ಹೊತ್ತಾಯಿತೆಂದು ಎದ್ದುಹೋಗುತ್ತಾನೆ. ಕಡೆಯ ಕವಿ ಓದುವಾಗ ಕುರ್ಚಿಗಳು ಖಾಲಿ. ಅಧ್ಯಕ್ಷರು ಎಲ್ಲರ ಕವಿತೆಗಳೂ ಅರ್ಥಪೂರ್ಣ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಯಾವ ಸಾಲು ನಿಂತಿತು, ಯಾವುದು ಬಿತ್ತು ಎಂದು ಹೇಳುವವರು ಒಬ್ಬರೂ ಇಲ್ಲ. ಇದು ಕವಿಗಳಿಗೆ ತೋರಿಸುವ ಗೌರವವೆಂದು ನಾನು ಒಪ್ಪುವುದಿಲ್ಲ, ಇದು ಅವರನ್ನು ಕೈಬಿಡುವ ರೀತಿ. ಸವಾಲು ಜವಾಬಿನ ಪರಂಪರೆ ಇರುವ ನೆಲದಲ್ಲಿ ಸವಾಲೇ ಇಲ್ಲದ ಗೋಷ್ಠಿ ನಡೆಸುತ್ತಿದ್ದೇವೆ ಎಂಬುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಕವಿ: ಹಾಗಾದರೆ ಏನು ಮಾಡಬೇಕು ಅಂತೀರಿ?

ಓದುಗ: ನಿನಗೊಂದು ಮಾತು, ಗೋಷ್ಠಿ ನಡೆಸುವವರಿಗೊಂದು ಮಾತು. ನೀನು ಕವಿತೆ ಬರೆಯದ ಒಬ್ಬರನ್ನು, ಬರೆಯುವ ಒಬ್ಬರನ್ನು ಹುಡುಕಿಕೋ. ನಿನ್ನನ್ನು ಹೊಗಳಬೇಕಾದ ಹಂಗು ಇಬ್ಬರಿಗೂ ಇರಬಾರದು. ಬರೆದದ್ದನ್ನು ಅವರ ಮುಂದೆ ಗಟ್ಟಿಯಾಗಿ ಓದು, ಅವರ ಗಮನ ಎಲ್ಲಿ ಜಾರಿತೋ ಅಲ್ಲಿ ಗೆರೆ ಹಾಕಿಕೋ, ಅವರು ಅಡ್ಡ ಕೇಳಿದ್ದಕ್ಕೆ ಸಮಜಾಯಿಷಿ ಕೊಡದೆ ಮುಂದಿನ ಕರಡಿನಲ್ಲಿ ಜವಾಬು ಕೊಡು. ಗೋಕಾವಿ, ಮೂಡಲಗಿ, ಹುಕ್ಕೇರಿಯಲ್ಲಿ ಕವಿಗೋಷ್ಠಿ ಏರ್ಪಡಿಸುವವರಲ್ಲಿ ನನ್ನ ವಿನಂತಿ: ಮೂವತ್ತು ಕವಿಗಳನ್ನು ಕರೆಯುವ ಕಡೆ ಐವರನ್ನು ಕರೆಯಿರಿ. ಒಬ್ಬ ಓದಿದ ಕೂಡಲೇ ಇನ್ನೊಬ್ಬ ಕವಿ ಎದ್ದು ಆ ಕವಿತೆಗೆ ಒಂದು ಸವಾಲು ಹಾಕಲಿ, ಕೂತ ಮಂದಿಯಲ್ಲಿ ಇಬ್ಬರು ಕೇಳಲಿ, ಓದಿದವನು ಅಲ್ಲೇ ಜವಾಬು ಕೊಡಲಿ. ಶಾಲು ಇಲ್ಲದಿದ್ದರೂ ನಡೆಯುತ್ತದೆ.